ಫೋನ್ ಕಂಪನಿಗಳ ಜಿದ್ದಿನಲ್ಲಿ ಕೊಳ್ಳುವವರಿಗೆ ಸಂಬಂಧಿಸಿದ್ದು ಯಾವುದು?

ಪ್ರಶ್ನೆ: ಮಲ್ಲೇಶ್ವರದ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತೇನೆ. 2020ರಲ್ಲಿ ಕೊಂಡ ನನ್ನ ಆಂಡ್ರಾಯ್ಡ್ ಫೋನ್ ಇಂದಿಗೂ ಚೆನ್ನಾಗಿಯೇ ನಡೆಯುತ್ತಿದೆ, ಆದರೆ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತು ಬಹಳ ಕಾಲವಾಗಿದೆ. ಬ್ಯಾಂಕಿನ ಆ್ಯಪ್, ಯುಪಿಐ, ಡಿಜಿಲಾಕರ್ ಎಲ್ಲವೂ ಅದರಲ್ಲೇ ಇರುವುದರಿಂದ ಬೇರೊಂದನ್ನು ಕೊಳ್ಳುವುದು ಅನಿವಾರ್ಯ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಯಾವುದನ್ನು ಕೊಳ್ಳಬೇಕೆಂದು ತಿಳಿಯಲು ಸುದ್ದಿಗಳನ್ನು ಓದತೊಡಗಿದಾಗ ನನಗೆ ಮಾಹಿತಿಗಿಂತ ಜಗಳವೇ ಹೆಚ್ಚಾಗಿ ಕಂಡಿತು. 2025ರ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ 5.8 ಮಿಲಿಮೀಟರ್ ದಪ್ಪದ ಗ್ಯಾಲಕ್ಸಿ ಎಸ್25 ಎಡ್ಜ್ ಬಿಡುಗಡೆ ಮಾಡಿತು, ಸೆಪ್ಟೆಂಬರ್‌ನಲ್ಲಿ ಆ್ಯಪಲ್ 5.6 ಮಿಲಿಮೀಟರ್‌ನ ಐಫೋನ್ ಏರ್ ತಂದಿತು. ಮೊದಲನೆಯದರ ಆರಂಭಿಕ ಬೆಲೆ 1,09,999 ರೂಪಾಯಿ, ಎರಡನೆಯದರದು 1,19,900 ರೂಪಾಯಿ. ಈ 0.2 ಮಿಲಿಮೀಟರ್ ವ್ಯತ್ಯಾಸದ ಬಗ್ಗೆ ಪುಟಗಟ್ಟಲೆ ಬರಹಗಳು ಸಿಕ್ಕವು. ಹೀಗೆ ತೆಳುವಾಗಿಸಿದ್ದರಿಂದ ಬ್ಯಾಟರಿಗೆ ಉಳಿದ ಜಾಗ ಎಷ್ಟು, ಆ ಬ್ಯಾಟರಿ ಸವೆದಾಗ ಬದಲಿಸುವ ಖರ್ಚು ಎಷ್ಟು ಎಂಬುದನ್ನು ಹೇಳುವವರು ಮಾತ್ರ ವಿರಳ.

ನಮ್ಮ ಊರಿನಲ್ಲಂತೂ ಈ ಜಿದ್ದು ಈಗ ಇನ್ನಷ್ಟು ಹತ್ತಿರ ಬಂದಿದೆ. ಬ್ರಿಗೇಡ್ ರಸ್ತೆಯ ಹಳೆಯ ಒಪೆರಾ ಹೌಸ್ ಕಟ್ಟಡ 2018ರಿಂದ ಸ್ಯಾಮ್‌ಸಂಗ್‌ನ ಮಳಿಗೆಯಾಗಿದೆ, 2025ರ ಸೆಪ್ಟೆಂಬರ್ 2ರಂದು ಹೆಬ್ಬಾಳದ ಕಡೆಯ ಮಾಲ್ ಒಂದರಲ್ಲಿ ಆ್ಯಪಲ್‌ನ ಸ್ವಂತ ಮಳಿಗೆ ತೆರೆಯಿತು. ನನ್ನ ವಿದ್ಯಾರ್ಥಿಗಳು ಎರಡು ಪಕ್ಷಗಳಾಗಿ ವಾದಿಸುತ್ತಾರೆ. ಪೈಪೋಟಿ ಇದ್ದರೆ ತಾನೇ ಗ್ರಾಹಕರಿಗೆ ಲಾಭ, ನೀವೇ ಪಾಠದಲ್ಲಿ ಹೇಳಿದ್ದೀರಲ್ಲ ಮೇಡಂ, ಎಂದು ನನ್ನನ್ನೇ ಕೇಳುತ್ತಾರೆ. ಪಾಠದಲ್ಲಿ ಹೇಳಿದ್ದು ನಿಜ. ಆದರೆ ಈ ಮಾರುಕಟ್ಟೆಯಲ್ಲಿ ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ತಿಳಿದವರಿಂದ ಕೇಳಬೇಕೆನಿಸಿದೆ. ಒಂದು ಫೋನನ್ನು ಆರೇಳು ವರ್ಷ ಬಳಸಬೇಕೆಂದಿರುವ ನನ್ನಂಥವರು ಈ ಸುದ್ದಿಗಳಲ್ಲಿ ಯಾವುದಕ್ಕೆ ಕಿವಿಗೊಡಬೇಕು? ಯಾವುದಾದರೂ ಒಂದು ಪಕ್ಷ ವಹಿಸುವುದರಲ್ಲಿ ಅರ್ಥವಿದೆಯೇ?

ಉತ್ತರ 1: ಬಸವನಗುಡಿಯ ಎಂಜಿನಿಯರ್

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಪಕ್ಷ ವಹಿಸಬೇಡಿ. ಈ ಎರಡು ಕಂಪನಿಗಳು ಜಾಹೀರಾತಿನಲ್ಲಿ ಒಬ್ಬರನ್ನೊಬ್ಬರು ಹಂಗಿಸುತ್ತವೆ, ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡುತ್ತವೆ. ಕೊಳ್ಳುವವರ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವ ಸಂದರ್ಭ ಬಂದಾಗ ಮಾತ್ರ ಒಂದು ಇಟ್ಟ ಹೆಜ್ಜೆಯ ಮೇಲೆಯೇ ಇನ್ನೊಂದು ಹೆಜ್ಜೆ ಇಡುತ್ತದೆ.

ಇದಕ್ಕೆ ಆಧಾರ ಬೇಕಿದ್ದರೆ ಹೆಡ್‌ಫೋನ್ ಜ್ಯಾಕಿನ ಕಥೆಯನ್ನು ನೆನಪಿಸಿಕೊಳ್ಳಿ. 2016ರ ಆಗಸ್ಟ್‌ನಲ್ಲಿ ಗ್ಯಾಲಕ್ಸಿ ನೋಟ್ 7 ಬಿಡುಗಡೆಯ ವೇದಿಕೆಯಿಂದ, ನಮ್ಮ ಫೋನಿನಲ್ಲಿ ಆಡಿಯೋ ಜ್ಯಾಕ್ ಇದೆ ಎಂದು ಸ್ಯಾಮ್‌ಸಂಗ್ ಎತ್ತಿ ಹೇಳಿತು. ಆ್ಯಪಲ್ ಅದನ್ನು ತೆಗೆಯಲಿದೆ ಎಂಬ ಸುದ್ದಿ ಆಗಲೇ ಹಬ್ಬಿದ್ದರಿಂದ ಆ ಮಾತು ಯಾರನ್ನು ಕುಟುಕಲು ಹೇಳಿದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ಮರುತಿಂಗಳು ಐಫೋನ್ 7 ಜ್ಯಾಕ್ ಇಲ್ಲದೆ ಬಂತು. ಮೂರು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ನೋಟ್ 10 ಬಂದಾಗ ಅದರಲ್ಲಿಯೂ ಜ್ಯಾಕ್ ಇರಲಿಲ್ಲ. ಚಾರ್ಜರಿನ ವಿಷಯದಲ್ಲಿ ಅಷ್ಟು ಕಾಯುವ ಸಂಕೋಚವೂ ಉಳಿಯಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಐಫೋನ್ 12ರ ಪೆಟ್ಟಿಗೆಯಿಂದ ಚಾರ್ಜರ್ ಮಾಯವಾದಾಗ, ನಮ್ಮ ಪೆಟ್ಟಿಗೆಯಲ್ಲಿ ಚಾರ್ಜರ್ ಇದೆ ಎಂದು ಸ್ಯಾಮ್‌ಸಂಗ್ ತನ್ನ ಫೇಸ್‌ಬುಕ್ ಪುಟದಲ್ಲಿ ಪ್ರಕಟಿಸಿತು. 2021ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್21 ಚಾರ್ಜರ್ ಇಲ್ಲದೆಯೇ ಬಂತು, ಹಂಗಿಸಿದ ಆ ಪೋಸ್ಟನ್ನೂ ಅಳಿಸಿಹಾಕಿದ್ದರು. ಪರಿಸರಕ್ಕೆ ಒಳ್ಳೆಯದು ಎಂಬ ಕಾರಣ ಎರಡೂ ಕಡೆಯಿಂದ ಕೇಳಿಬಂತು. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ಉಳಿತಾಯದಲ್ಲಿ ಪಾಲು ಕೊಡುವಂತೆ ಬೆಲೆ ಇಳಿಸಿದ್ದನ್ನು ನಾನಂತೂ ಕಾಣಲಿಲ್ಲ.

ಇನ್ನು ವೇಗ ತಗ್ಗಿಸುವ ವಿಷಯ. ಹಳೆಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ಕಡಿಮೆ ಮಾಡುತ್ತಿರುವುದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಸವೆದ ಲಿಥಿಯಂ ಬ್ಯಾಟರಿ, ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಬೇಡಿದಾಗ ಅಷ್ಟನ್ನು ಕೊಡಲಾರದೆ ಫೋನ್ ತಟ್ಟನೆ ಆಫ್ ಆಗುವುದುಂಟು. ಅದನ್ನು ತಡೆಯಲು ವೇಗ ಇಳಿಸುವುದು ಎಂಜಿನಿಯರಿಂಗ್ ದೃಷ್ಟಿಯಿಂದ ತಪ್ಪಲ್ಲ. ಅದನ್ನು ಹೇಳದೆ ಮಾಡಿದ್ದು ತಪ್ಪು, ಏಕೆಂದರೆ ಬ್ಯಾಟರಿ ಬದಲಿಸಿದರೆ ಸಾಕಾಗಿದ್ದವರು ಫೋನೇ ಹಳತಾಯಿತೆಂದು ಭಾವಿಸಿ ಹೊಸದನ್ನು ಕೊಂಡರು. ಸ್ಯಾಮ್‌ಸಂಗ್ ಅಭಿಮಾನಿಗಳು ಆಗ ಬಹಳ ಸಂಭ್ರಮಿಸಿದರು. ಆದರೆ 2018ರ ಅಕ್ಟೋಬರ್‌ನಲ್ಲಿ ಇಟಲಿಯ ನಿಯಂತ್ರಣ ಪ್ರಾಧಿಕಾರ, ಅಪ್‌ಡೇಟ್‌ಗಳಿಂದ ಹಳೆಯ ಫೋನುಗಳ ಕಾರ್ಯಕ್ಷಮತೆ ಕುಗ್ಗಿಸಿದ್ದಕ್ಕಾಗಿ ಆ್ಯಪಲ್‌ಗೆ 1 ಕೋಟಿ ಯೂರೋ ದಂಡ ವಿಧಿಸಿದ ದಿನವೇ ಸ್ಯಾಮ್‌ಸಂಗ್‌ಗೂ 50 ಲಕ್ಷ ಯೂರೋ ದಂಡ ವಿಧಿಸಿತು. 2022ರ ಮಾರ್ಚ್‌ನಲ್ಲಿ, ಸ್ಯಾಮ್‌ಸಂಗ್ ಫೋನುಗಳು ಅನೇಕ ಆ್ಯಪ್‌ಗಳ ವೇಗ ತಗ್ಗಿಸಿ, ವೇಗ ಅಳೆಯುವ ಪರೀಕ್ಷಾ ಆ್ಯಪ್‌ಗಳನ್ನು ಮಾತ್ರ ಹಾಗೆಯೇ ಬಿಡುತ್ತಿದ್ದುದು ಬಯಲಾಗಿ, ಅಂಥದೇ ಪರೀಕ್ಷಾ ಆ್ಯಪ್ ಆದ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಎಸ್10ರಿಂದ ಎಸ್22ರವರೆಗಿನ ಮಾದರಿಗಳನ್ನು ತೆಗೆದುಹಾಕಿತು. ಅದರ ಹಿಂದಿನ ವರ್ಷ ಒನ್‌ಪ್ಲಸ್ 9 ಸರಣಿಗೂ ಇದೇ ಗತಿಯಾಗಿತ್ತು.

ಇವರು ಶತ್ರುಗಳೆಂದು ನಾವು ತಿಳಿಯುವುದೇ ಅರ್ಧ ಸತ್ಯ. 2007ರ ಮೊದಲ ಐಫೋನಿನ ಪ್ರೊಸೆಸರ್ ತಯಾರಿಸಿದ್ದು ಸ್ಯಾಮ್‌ಸಂಗ್, 2013ರ ಎ7 ಚಿಪ್‌ನವರೆಗೂ ಆ್ಯಪಲ್‌ನ ಚಿಪ್‌ಗಳು ಅದರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು, 2015ರ ಎ9 ಚಿಪ್‌ನ ಒಂದು ಪಾಲೂ ಅಲ್ಲಿಯೇ ತಯಾರಾಯಿತು. 2017ರ ಐಫೋನ್ ಎಕ್ಸ್‌ನ ಓಎಲ್ಇಡಿ ಪರದೆಯೂ ಸ್ಯಾಮ್‌ಸಂಗ್ ಸಮೂಹದ್ದೇ. 2011ರ ಏಪ್ರಿಲ್‌ನಲ್ಲಿ ಆ್ಯಪಲ್ ದಾವೆ ಹೂಡಿತು, 2012ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 105 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು, ಮೇಲ್ಮನವಿ, ಮರುವಿಚಾರಣೆಗಳ ನಂತರ 2018ರಲ್ಲಿ ಇಬ್ಬರೂ ರಾಜಿ ಮಾಡಿಕೊಂಡರು. ಈ ವ್ಯಾಜ್ಯ ನಡೆದಷ್ಟು ವರ್ಷವೂ ಬಿಡಿಭಾಗಗಳ ವ್ಯಾಪಾರ ಸಾಂಗವಾಗಿಯೇ ಸಾಗಿತ್ತು. ಅವರ ಪರವಾಗಿ ಇಲ್ಲಿ ಗೆಳೆತನ ಕೆಡಿಸಿಕೊಂಡವರನ್ನು ನಾನು ಬಲ್ಲೆ.

ಯಾರು ಮೊದಲ ಸ್ಥಾನದಲ್ಲಿದ್ದಾರೆ ಎಂಬ ಸುದ್ದಿಯನ್ನೂ ಬಿಟ್ಟುಬಿಡಿ. ಮಾರುಕಟ್ಟೆಯ ಅಂಕಿಅಂಶ ಕಲೆಹಾಕುವ ಐಡಿಸಿ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಆ್ಯಪಲ್ 23.46 ಕೋಟಿ, ಸ್ಯಾಮ್‌ಸಂಗ್ 22.66 ಕೋಟಿ ಫೋನುಗಳನ್ನು ರವಾನಿಸಿದ್ದವು. ಇದು ಕಾರ್ಖಾನೆಯಿಂದ ವಿತರಕರತ್ತ ಹೊರಟ ಸಂಖ್ಯೆಯ ಅಂದಾಜು, ಜನರು ಕೊಂಡ ಸಂಖ್ಯೆಯಲ್ಲ. ಷೇರುದಾರರಿಗೆ ಅದು ಮುಖ್ಯ. ನಿಮ್ಮ ಫೋನಿಗೆ 2030ರಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆಯೇ ಎಂಬುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ.

ಉತ್ತರ 2: ಎಚ್‌ಎಸ್‌ಆರ್ ಬಡಾವಣೆಯಿಂದ

ಮೇಲಿನ ಸರ್ ಹೇಳಿದ ಘಟನೆಗಳೆಲ್ಲ ನಿಜವಾದರೂ ಅವರು ಮುಟ್ಟಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಪೈಪೋಟಿಯಿಂದ ಕಳೆದುಕೊಂಡದ್ದನ್ನು ಮಾತ್ರ ಲೆಕ್ಕ ಹಾಕಿ, ಪಡೆದದ್ದನ್ನು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ.

ಮೇಡಂ ಅವರ ವಿದ್ಯಾರ್ಥಿಗಳಿಗೆ 2014 ಬಹುಶಃ ನೆನಪಿರಲಾರದು. ಆ ಹೊತ್ತಿಗೆ ನಮ್ಮಲ್ಲಿ ಹತ್ತು ಹದಿನೈದು ಸಾವಿರ ರೂಪಾಯಿಗೆ ಸಿಗುತ್ತಿದ್ದ ಫೋನುಗಳು ತಡವರಿಸುತ್ತಿದ್ದವು, ಮೆಮೊರಿ ತುಂಬಿ ನಿಲ್ಲುತ್ತಿದ್ದವು. ಅದೇ ಫೆಬ್ರವರಿಯಲ್ಲಿ ಮೋಟೋ ಜಿ 12,499 ರೂಪಾಯಿಗೆ, ಜುಲೈನಲ್ಲಿ ಶವೋಮಿಯ ಎಂಐ 3 13,999 ರೂಪಾಯಿಗೆ ಫ್ಲಿಪ್‌ಕಾರ್ಟ್ ಮೂಲಕ ಬಂದವು. ಎರಡನೆಯದರಲ್ಲಿದ್ದ ಸ್ನ್ಯಾಪ್‌ಡ್ರ್ಯಾಗನ್ 800 ಪ್ರೊಸೆಸರ್, ಅದಕ್ಕಿಂತ ಎರಡು ಮೂರು ಪಟ್ಟು ಬೆಲೆಯ ಫೋನುಗಳಲ್ಲಿ ಮಾತ್ರ ಕಾಣುತ್ತಿದ್ದ ವರ್ಗದ್ದು. ಮೊದಲ ಸ್ಥಾನದಲ್ಲಿದ್ದವರು ಬೆಲೆ ತಗ್ಗಿಸಿ ಗುಣಮಟ್ಟ ಏರಿಸಲೇಬೇಕಾಯಿತು. ಇಂದು ತರಕಾರಿ ಗಾಡಿಯವರ ಕೈಯಲ್ಲಿಯೂ ಯುಪಿಐ ನಡೆಸಬಲ್ಲ ಒಳ್ಳೆಯ ಫೋನ್ ಇರುವುದಕ್ಕೆ ಆ ಬೆಲೆಯುದ್ಧವೂ ಒಂದು ಕಾರಣ ಎಂದೇ ನನ್ನ ನಂಬಿಕೆ.

ಮೇಡಂ, ನೀವು ಕೇಳುತ್ತಿರುವ ಅಪ್‌ಡೇಟ್‌ನ ವಿಷಯವನ್ನೇ ತೆಗೆದುಕೊಳ್ಳಿ. ಆಂಡ್ರಾಯ್ಡ್ ಫೋನುಗಳಿಗೆ ಎರಡು ಮೂರು ವರ್ಷ ಅಪ್‌ಡೇಟ್ ಸಿಕ್ಕರೆ ಅದೇ ಭಾಗ್ಯ ಎಂಬ ಕಾಲವೊಂದಿತ್ತು. ಚಿಪ್ ತಯಾರಿಸುವ ಕಂಪನಿ ತನ್ನ ಹಳೆಯ ಚಿಪ್‌ಗೆ ಡ್ರೈವರ್ ತಂತ್ರಾಂಶ ಒದಗಿಸುವುದನ್ನು ನಿಲ್ಲಿಸಿದರೆ ಫೋನ್ ಕಂಪನಿ ಮುಂದುವರಿಸುವುದು ಕಷ್ಟವಾಗುತ್ತಿತ್ತು, ಮುಂದುವರಿಸಬೇಕೆಂಬ ಒತ್ತಡವೂ ಅದರ ಮೇಲಿರಲಿಲ್ಲ. ಅತ್ತ 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲಿಯೂ ಸೆಕ್ಯುರಿಟಿ ಅಪ್‌ಡೇಟ್ ಬಂತು. ಈ ಹೋಲಿಕೆಯನ್ನು ಐಫೋನ್ ಅಭಿಮಾನಿಗಳು ವರ್ಷಗಟ್ಟಲೆ ಎತ್ತಿ ಎತ್ತಿ ಆಡಿದ್ದರಿಂದಲೇ ಎದುರು ಪಾಳಯಕ್ಕೆ ಬಿಸಿ ಮುಟ್ಟಿತು. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿತು. ಮೂರೇ ತಿಂಗಳಲ್ಲಿ ಸ್ಯಾಮ್‌ಸಂಗ್ ಎಸ್24 ಸರಣಿಗೆ ಅದೇ ಏಳು ವರ್ಷ ಕೊಟ್ಟಿತು. ಈಗ ಗ್ಯಾಲಕ್ಸಿ ಎ ಸರಣಿಯ ಅಗ್ಗದ ಎ16ಕ್ಕೂ ಆರು ವರ್ಷಗಳ ಭರವಸೆ ಇದೆ. ಇದು ಪೈಪೋಟಿಯ ಫಲವಲ್ಲದೆ ಮತ್ತೇನು?

ಅಭಿಮಾನಿಗಳ ಗದ್ದಲವನ್ನೂ ನಾನು ವ್ಯರ್ಥವೆನ್ನಲಾರೆ. 2017ರಲ್ಲಿ ವೇಗ ತಗ್ಗಿಸುವ ವಿಷಯ ಹೊರಬಿದ್ದಾಗ ಜಗತ್ತಿನಾದ್ಯಂತ ಎದ್ದ ಕೂಗಿನಿಂದಾಗಿಯೇ ಆ್ಯಪಲ್ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು, ಬ್ಯಾಟರಿಯ ಸ್ಥಿತಿಯನ್ನು ಸೆಟ್ಟಿಂಗ್ಸ್‌ನಲ್ಲಿಯೇ ತೋರಿಸತೊಡಗಿತು. ಎಲ್ಲರೂ ತಟಸ್ಥರಾಗಿ ಕುಳಿತಿದ್ದರೆ ಆ ಕೂಗು ಏಳುತ್ತಿರಲಿಲ್ಲ.

ಉತ್ತರ 3: ಬಸವನಗುಡಿಯ ಎಂಜಿನಿಯರ್

ಏಳು ವರ್ಷದ ಅಪ್‌ಡೇಟ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಅದು ನಿಜಕ್ಕೂ ಪೈಪೋಟಿ ತಂದ ಒಳಿತು. ಆದರೆ ಐಫೋನಿಗೆ ಟೈಪ್-ಸಿ ಚಾರ್ಜಿಂಗ್ ಪೋರ್ಟ್ ಹೇಗೆ ಬಂತೆಂಬುದನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಿ. ಆಂಡ್ರಾಯ್ಡ್ ಫೋನುಗಳೆಲ್ಲ ಟೈಪ್-ಸಿಗೆ ಬಂದು ಎಷ್ಟೋ ವರ್ಷವಾದರೂ, ಎದುರಾಳಿಗಳು ಎಷ್ಟೇ ಹಂಗಿಸಿದರೂ, ಆ್ಯಪಲ್ 2012ರ ತನ್ನ ಲೈಟ್ನಿಂಗ್ ಪೋರ್ಟನ್ನು ಬಿಡಲಿಲ್ಲ. ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಕಡ್ಡಾಯ ಎಂದ ಮೇಲೆ, 2023ರ ಐಫೋನ್ 15ರಲ್ಲಿ ಅದು ಬದಲಾಯಿತು. ನಮ್ಮ ದೇಶದಲ್ಲಿಯೂ ಫೋನಿನೊಳಗೆ ಗೂಗಲ್ ತನ್ನ ಆ್ಯಪ್‌ಗಳನ್ನು ಕಡ್ಡಾಯಗೊಳಿಸುವುದನ್ನು ಯಾವ ಎದುರಾಳಿಯೂ ತಡೆಯಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 1,337.76 ಕೋಟಿ ರೂಪಾಯಿ ದಂಡ ಹಾಕಿ, ಷರತ್ತುಗಳನ್ನು ಬದಲಿಸಲು ಆದೇಶಿಸಬೇಕಾಯಿತು. ಹೊಸ ಗಿರಾಕಿಯನ್ನು ಸೆಳೆಯುವ ಸಂಗತಿಗಳಲ್ಲಿ ಪೈಪೋಟಿ ಕೆಲಸ ಮಾಡುತ್ತದೆ. ಈಗಾಗಲೇ ಕೊಂಡವರನ್ನು ಕಟ್ಟಿಹಾಕುವ ಸಂಗತಿಗಳಲ್ಲಿ ಅದು ತಾನಾಗಿ ಕೆಲಸ ಮಾಡಿದ ಉದಾಹರಣೆ ನನಗೆ ಸಿಕ್ಕಿಲ್ಲ.

ಉತ್ತರ 4: ಎಸ್‌ಪಿ ರಸ್ತೆಯ ರಿಪೇರಿಯವನು

ನಮಸ್ಕಾರ ಮೇಡಂ. ನಾನು ಎಸ್‌ಪಿ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಮೇಜಿನ ಮೇಲೆ ಎರಡೂ ಕಂಪನಿಗಳ ಫೋನುಗಳು ಬಿಚ್ಚಿಕೊಂಡು ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ಆದ್ದರಿಂದ ಯಾರ ಮೇಲೂ ನನಗೆ ವಿಶೇಷ ಪ್ರೀತಿಯಾಗಲಿ ದ್ವೇಷವಾಗಲಿ ಇಲ್ಲ.

ಅಪ್‌ಡೇಟ್ ಏಳು ವರ್ಷ ಬಂದರೂ ಬ್ಯಾಟರಿ ಏಳು ವರ್ಷ ಬಾಳುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವುಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಮೂಲ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಕಂಪನಿಯೇ ಹೇಳುತ್ತದೆ. ಐಫೋನ್ 15ರಿಂದ ಅದನ್ನು 1,000 ಸಲ ಎಂದಿದ್ದಾರೆ. ದಿನವೂ ಒಂದು ಪೂರ್ತಿ ಚಾರ್ಜ್ ಬಳಸುವವರಿಗೆ 500 ಎಂದರೆ ಒಂದೂವರೆ ವರ್ಷಕ್ಕೂ ಕಡಿಮೆ, 1,000 ಎಂದರೆ ಮೂರು ವರ್ಷಕ್ಕೂ ಕಡಿಮೆ. ಹಾಗಾಗಿ ನಿಮ್ಮ ಏಳು ವರ್ಷದಲ್ಲಿ ಒಂದು ಸಲವಾದರೂ, ಬಹುಶಃ ಎರಡು ಸಲ, ಬ್ಯಾಟರಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ತೆಳು ಫೋನುಗಳ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಎಸ್25 ಎಡ್ಜ್‌ನ ಬ್ಯಾಟರಿ 3,900 ಎಂಎಎಚ್, ಐಫೋನ್ ಏರ್‌ನದು ಅದಕ್ಕಿಂತಲೂ ಚಿಕ್ಕದು. ಚಿಕ್ಕ ಬ್ಯಾಟರಿ ದಿನಕ್ಕೆ ಹೆಚ್ಚು ಸಲ ಚಾರ್ಜ್ ಬೇಡುತ್ತದೆ, ಹೆಚ್ಚು ಸಲ ಚಾರ್ಜ್ ಆದದ್ದು ಬೇಗ ಸವೆಯುತ್ತದೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಬಿಡಿಭಾಗಗಳಿಗೆ ಹಾಕುವ ಬೀಗ. ಒಂದು ಫೋನಿನಿಂದ ತೆಗೆದ ಒರಿಜಿನಲ್ ಡಿಸ್‌ಪ್ಲೇಯನ್ನು ಅದೇ ಮಾದರಿಯ ಇನ್ನೊಂದು ಫೋನಿಗೆ ಕೂರಿಸಿದರೂ, ಭಾಗದ ಕ್ರಮಸಂಖ್ಯೆ ಹೊಂದುವುದಿಲ್ಲವೆಂದು ಫೋನ್ ಎಚ್ಚರಿಕೆ ತೋರಿಸುತ್ತದೆ. 2021ರಲ್ಲಿ ಐಫೋನ್ 13 ಬಂದಾಗ, ಹೊರಗೆ ಡಿಸ್‌ಪ್ಲೇ ಬದಲಿಸಿದರೆ ಮುಖ ಗುರುತಿಸುವ ಸೌಲಭ್ಯವೇ ನಿಂತುಹೋಗುತ್ತಿತ್ತು. ಜಗತ್ತಿನ ರಿಪೇರಿಯವರೆಲ್ಲ ಕೂಗೆಬ್ಬಿಸಿದ ಮೇಲೆ ಅದನ್ನು ತಂತ್ರಾಂಶದಲ್ಲಿ ಸರಿಪಡಿಸಿದರು. ಐಫೋನಿನ ಕಾರ್ಯಾಚರಣಾ ತಂತ್ರಾಂಶವಾದ ಐಓಎಸ್‌ನ 2024ರ 18ನೇ ಆವೃತ್ತಿಯಿಂದ ಬಳಸಿದ ಒರಿಜಿನಲ್ ಭಾಗಗಳನ್ನು ಜೋಡಿಸಲು ದಾರಿ ಮಾಡಿಕೊಟ್ಟಿದ್ದಾರೆ, ಅದು ಒಳ್ಳೆಯ ಕೆಲಸ. ಹಾಗೆಂದು ಆಂಡ್ರಾಯ್ಡ್ ಕಡೆ ಎಲ್ಲ ಸಲೀಸು ಎಂದು ತಿಳಿಯಬೇಡಿ. ಅಂಚು ಬಾಗಿದ ಓಎಲ್ಇಡಿ ಡಿಸ್‌ಪ್ಲೇ ಒಡೆದರೆ ಫೋನಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅಪ್‌ಡೇಟ್ ಹಾಕಿದ ಮರುದಿನ ಪರದೆಯ ಮೇಲೆ ಹಸಿರು ಗೆರೆ ಬಂದಿದೆ ಎಂದು ಬೇರೆ ಬೇರೆ ಕಂಪನಿಗಳ ಫೋನು ಹಿಡಿದು ಬರುವವರನ್ನು ನೋಡಿ ನೋಡಿ ನನಗೆ ಬೇಸರವಾಗಿದೆ. ಅವರಲ್ಲಿ ಹೆಚ್ಚಿನವರು ವಾರಂಟಿ ಮುಗಿದವರು, ನಾನು ಹೇಳುವ ದರ ಕೇಳಿ ಸುಮ್ಮನೆ ಹೊರಟುಹೋಗುತ್ತಾರೆ.

ಮಧ್ಯಮ ಬೆಲೆಯ ಫೋನುಗಳಲ್ಲಿ ಇನ್ನೊಂದು ತೊಡಕಿದೆ. ಕಂಪನಿಗಳು ಪೈಪೋಟಿಯ ಮೇಲೆ ಪ್ರತಿ ತಿಂಗಳು ಹೊಸ ಮಾದರಿ ಬಿಡುತ್ತವೆ. ಎರಡು ವರ್ಷದ ಹಿಂದಿನ ಮಾದರಿಗೆ ಒರಿಜಿನಲ್ ಬ್ಯಾಟರಿ ಕೇಳಿದರೆ ಸರ್ವಿಸ್ ಸೆಂಟರಿನಲ್ಲಿಯೇ ಸ್ಟಾಕ್ ಇಲ್ಲ ಎನ್ನುತ್ತಾರೆ. ಆಗ ಗಿರಾಕಿಗೆ ಉಳಿಯುವುದು ಕಾಪಿ ಬ್ಯಾಟರಿ. ಅದನ್ನು ಹಾಕಿಕೊಡಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಉಬ್ಬಿದ ಬ್ಯಾಟರಿಗಳು ವಾಪಸ್ ಬರುವುದೂ ನನ್ನ ಮೇಜಿಗೇ. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಒದಗಿಸಬೇಕು, ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ. 80ರಷ್ಟು ಉಳಿಯಬೇಕು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಗೆ 2025ರ ಮೇ ತಿಂಗಳಲ್ಲಿ ಸಮಿತಿಯೊಂದು, ರಿಪೇರಿ ಎಷ್ಟು ಸುಲಭ ಎಂಬುದನ್ನು ಅಂಕದ ಮೂಲಕ ಪೆಟ್ಟಿಗೆಯ ಮೇಲೆಯೇ ತೋರಿಸುವ ಸೂಚ್ಯಂಕದ ಕುರಿತು ವರದಿ ಕೊಟ್ಟಿದೆ. ಅದು ಕಡ್ಡಾಯವಾಗಿ ಜಾರಿಯಾಗಬೇಕು. ಕಂಪನಿಗಳು ಕ್ಯಾಮೆರಾದ ಮೆಗಾಪಿಕ್ಸೆಲ್ ಬದಲು ಆ ಅಂಕಕ್ಕಾಗಿ ಜಗಳವಾಡುವಂತಾದರೆ ನಾನೂ ಒಂದು ಪಕ್ಷ ಸೇರುತ್ತೇನೆ.

ಉತ್ತರ 5: ಚಾಮರಾಜಪೇಟೆಯ ಕರಡು ತಿದ್ದುಗ

ಇಷ್ಟು ಜನ ಇಷ್ಟು ವಿವರವಾಗಿ ಬರೆದಿದ್ದೀರಿ, ಆದರೆ ಕನ್ನಡದ ಮಾತನ್ನು ಯಾರೂ ಎತ್ತಲಿಲ್ಲವೆಂದು ನಾನು ಬರೆಯುತ್ತಿದ್ದೇನೆ.

ಆಂಡ್ರಾಯ್ಡ್ 4.1ರಲ್ಲಿ, ಅಂದರೆ 2012ರಲ್ಲಿ, ಕನ್ನಡಕ್ಕೆ ವ್ಯವಸ್ಥೆಯ ಮಟ್ಟದಲ್ಲಿಯೇ ಬೆಂಬಲ ಬಂತು. ಐಫೋನಿನಲ್ಲಿ ಬೇರೆಯವರು ತಯಾರಿಸಿದ ಕೀಬೋರ್ಡ್ ಹಾಕಿಕೊಳ್ಳಲು ಅನುಮತಿ ಸಿಕ್ಕಿದ್ದೇ 2014ರಲ್ಲಿ, ಆ್ಯಪಲ್‌ನ ಸ್ವಂತ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಓಎಸ್ 11ರಲ್ಲಿ. ಮೊದಲ ಐಫೋನ್ ಬಂದು ಆಗ ಹತ್ತು ವರ್ಷವಾಗಿತ್ತು. ಮಾತನ್ನು ಬರಹವಾಗಿಸುವ ಸೌಲಭ್ಯಕ್ಕೆ ಗೂಗಲ್ 2017ರಲ್ಲಿ ಕನ್ನಡವನ್ನು ಸೇರಿಸಿತು. ಇಂದು ನನ್ನ ತಾಯಿ ಊರಿನ ಬಂಧುಗಳಿಗೆ ಸಂದೇಶ ಕಳಿಸುವುದು ಅದರಿಂದಲೇ, ಆ ಉಪಕಾರವನ್ನು ಮರೆಯುವಂತಿಲ್ಲ.

ಈಗ ಎಲ್ಲರೂ ಎಐ ಪೈಪೋಟಿಯ ಬಗ್ಗೆ ಮಾತನಾಡುತ್ತಿದ್ದಾರೆ. 2024ರ ಜನವರಿಯಲ್ಲಿ ಎಸ್24 ಜೊತೆ ಬಂದ ಕರೆಯ ನಡುವೆಯೇ ಅನುವಾದಿಸುವ ಸೌಲಭ್ಯ 13 ಭಾಷೆಗಳಲ್ಲಿತ್ತು. ಭಾರತದ ಭಾಷೆಗಳ ಪೈಕಿ ಅಲ್ಲಿದ್ದದ್ದು ಹಿಂದಿ ಮಾತ್ರ. 2025ರ ಏಪ್ರಿಲ್‌ನಲ್ಲಿ ಆ್ಯಪಲ್ ಇಂಟೆಲಿಜೆನ್ಸ್ ಹೊಸ ಭಾಷೆಗಳಿಗೆ ವಿಸ್ತರಿಸಿದಾಗ ನಮ್ಮ ಪಾಲಿಗೆ ಬಂದದ್ದು ಭಾರತೀಯ ಇಂಗ್ಲಿಷ್. ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬರುವಾಗಲೇ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು, ಅವುಗಳಲ್ಲಿ ಕನ್ನಡವೂ ಒಂದು. ಸ್ಯಾಮ್‌ಸಂಗ್‌ನ ದೊಡ್ಡ ಸಂಶೋಧನಾ ಸಂಸ್ಥೆ 1996ರಿಂದ ಇದೇ ಬೆಂಗಳೂರಿನಲ್ಲಿದೆ, ಆ್ಯಪಲ್‌ಗೂ ಇಲ್ಲಿ ದೊಡ್ಡ ಕಚೇರಿಯಿದೆ. ಈ ಊರಿನ ನೀರು ಕುಡಿದು ಈ ಊರಿನ ನುಡಿಯನ್ನು ಪಟ್ಟಿಯ ಕೊನೆಗೆ ತಳ್ಳುವುದನ್ನು ನಾನು ಸಹಿಸಲಾರೆ. ಮಳಿಗೆಯಲ್ಲಿ ಫೋನ್ ತೋರಿಸುವಾಗ, ಇದು ಕನ್ನಡದಲ್ಲಿ ಮಾಡುತ್ತದೆಯೇ ಎಂದು ಪ್ರತಿ ಸೌಲಭ್ಯಕ್ಕೂ ಕೇಳಬೇಕೆಂದು ಎಲ್ಲರಲ್ಲಿ ವಿನಂತಿಸುತ್ತೇನೆ. ಕೇಳುವವರಿಲ್ಲದ ಭಾಷೆಗೆ ಯಾವ ಕಂಪನಿಯೂ ಹಣ ತೊಡಗಿಸುವುದಿಲ್ಲ.

ಉತ್ತರ 6: ಕೋಲಾರದಿಂದ ಬಂದವನು

ಒಂದೇ ಮಾತು. ಐಫೋನ್ ಈಗ ನಮ್ಮ ರಾಜ್ಯದಲ್ಲಿಯೇ ತಯಾರಾಗುತ್ತದೆ, ಆದ್ದರಿಂದ ಅದನ್ನೇ ಬೆಂಬಲಿಸಬೇಕು ಎಂಬ ವಾದವನ್ನು ನನ್ನ ಗೆಳೆಯರು ಮಾಡುತ್ತಾರೆ. 2017ರಲ್ಲಿ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಣೆ ಶುರುವಾದದ್ದು, ಬಳಿಕ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಂಪನಿಯ ಕಾರ್ಖಾನೆ ಬಂದದ್ದು, 2023ರಲ್ಲಿ ಟಾಟಾ ಅದನ್ನು ಕೊಂಡದ್ದು, ದೇವನಹಳ್ಳಿ ಕಡೆ ಅದೇ ಕೆಲಸದ ಫಾಕ್ಸ್‌ಕಾನ್ ಕಂಪನಿ ಬಂದದ್ದು, ಇವೆಲ್ಲ ನಮ್ಮ ಕಡೆಯ ಮಕ್ಕಳಿಗೆ ಕೆಲಸ ಕೊಟ್ಟಿವೆ. ಅದಕ್ಕೆ ನನಗೂ ಸಂತೋಷವಿದೆ. ಆದರೆ 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಸಂಬಳದ ವಿಚಾರಕ್ಕೆ ಗಲಭೆಯಾಯಿತು, ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಪಾವತಿಯಾಗಿರಲಿಲ್ಲವೆಂದು ಕಾರ್ಖಾನೆಯವರೇ ಒಪ್ಪಿಕೊಂಡರು. ನಮ್ಮ ನೆಲದ ಫೋನ್ ಎಂದು ಎದೆಯುಬ್ಬಿಸುವವರು ಗುತ್ತಿಗೆ ಕಾರ್ಮಿಕರ ಸಂಬಳದ ಚೀಟಿಯ ಬಗ್ಗೆಯೂ ಅಷ್ಟೇ ಜೋರಾಗಿ ಕೇಳಬೇಕು. ನೊಯ್ಡಾದ ಸ್ಯಾಮ್‌ಸಂಗ್ ಕಾರ್ಖಾನೆಗೂ ಇದೇ ಮಾತು.

ಮಲ್ಲೇಶ್ವರದ ಅಧ್ಯಾಪಕಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹೊಸ ಗಿರಾಕಿಯನ್ನು ಸೆಳೆಯುವಲ್ಲಿ ಪೈಪೋಟಿ ಕೆಲಸ ಮಾಡುತ್ತದೆ, ಕೊಂಡವರನ್ನು ಕಾಪಾಡಲು ಕಾನೂನು ಬೇಕಾಗುತ್ತದೆ ಎಂಬ ಬಸವನಗುಡಿಯ ಸರ್ ಅವರ ವಿಂಗಡಣೆಯನ್ನು ತರಗತಿಯಲ್ಲಿ ಚರ್ಚೆಗೆ ಇಡುತ್ತೇನೆ. ಎಚ್‌ಎಸ್‌ಆರ್‌ನವರು ಹೇಳಿದ 2014ರ ಬೆಲೆಗಳನ್ನೂ ಜೊತೆಗೇ ಇಡುತ್ತೇನೆ, ಏಕೆಂದರೆ ಅದಿಲ್ಲದೆ ಚರ್ಚೆ ನ್ಯಾಯವಾಗಿರುವುದಿಲ್ಲ.

ನನ್ನ ಆಲೋಚನೆ ಈಗ ಹೊಸ ಫೋನಿನಿಂದ ಬಳಸಿದ ಫೋನಿನತ್ತ ತಿರುಗಿದೆ. ಏಳು ವರ್ಷದ ಅಪ್‌ಡೇಟ್ ಇರುವ ಮಾದರಿಯೊಂದನ್ನು, ಒಂದೆರಡು ವರ್ಷ ಬಳಸಿದ್ದನ್ನು, ಕಡಿಮೆ ಬೆಲೆಗೆ ಕೊಂಡು ಉಳಿದ ಹಣದಲ್ಲಿ ಬ್ಯಾಟರಿ ಬದಲಿಸಿಕೊಳ್ಳುವುದು ಜಾಣತನವಾದೀತೇ? ಎಸ್‌ಪಿ ರಸ್ತೆಯ ಸಹೋದರರು ದಯವಿಟ್ಟು ತಿಳಿಸಬೇಕು.

ಎಸ್‌ಪಿ ರಸ್ತೆಯ ರಿಪೇರಿಯವನು

ಖಂಡಿತ ಒಳ್ಳೆಯ ಆಲೋಚನೆ ಮೇಡಂ. ಆದರೆ ಏಳು ವರ್ಷವೆಂಬುದು ಮಾದರಿ ಬಿಡುಗಡೆಯಾದ ದಿನದಿಂದ ಲೆಕ್ಕ, ನೀವು ಕೊಂಡ ದಿನದಿಂದಲ್ಲ. 2024ರ ಜನವರಿಯಲ್ಲಿ ಬಂದ ಎಸ್24ಕ್ಕೆ 2031ರ ಆರಂಭದವರೆಗೆ ಎಂದು ತಿಳಿಯಿರಿ. ಐಫೋನ್ ಆದರೆ, ಬ್ರಿಟನ್ನಿನ ಕಾನೂನಿನಡಿ ಐಫೋನ್ 15 ಪ್ರೊ ಮ್ಯಾಕ್ಸ್‌ಗೆ ಬರಹದಲ್ಲಿ ಕೊಟ್ಟಿರುವ ಭರವಸೆ ಕನಿಷ್ಠ ಐದು ವರ್ಷದ್ದು, ಹಿಂದಿನ ಅನುಭವದಲ್ಲಿ ಅದಕ್ಕಿಂತ ಹೆಚ್ಚೇ ಸಿಕ್ಕಿದೆ.

ಕೊಳ್ಳುವಾಗ ಮಾರುವವರ ಎದುರಿನಲ್ಲಿಯೇ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ, ಹಳೆಯ ಆ್ಯಪಲ್ ಅಥವಾ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳದೆ ತೆರೆದುಕೊಂಡರೆ ಮಾತ್ರ ಹಣ ಕೊಡಿ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನೊಳಗೆ ಬ್ಯಾಟರಿಯ ಸ್ಥಿತಿಯನ್ನೂ, ಭಾಗಗಳ ಇತಿಹಾಸವನ್ನೂ ನೋಡಬಹುದು. ಬಿಳಿ ಹಿನ್ನೆಲೆಯ ಚಿತ್ರ ಹಾಕಿ ಪರದೆಯಲ್ಲಿ ಗೆರೆ, ಕಲೆ ಇದೆಯೇ ಎಂದು ಗಮನಿಸಿ. *#06# ಒತ್ತಿದರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರುತ್ತದೆ, ಅದು ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಆ ಮೇಲೆ ಕೆವೈಎಂ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ದೂರಸಂಪರ್ಕ ಇಲಾಖೆಯಿಂದ ಉತ್ತರ ಬರುತ್ತದೆ. ಕಳವಾದದ್ದೆಂದು ಆ ಸಂಖ್ಯೆಯನ್ನು ತಡೆಹಿಡಿದಿದ್ದರೆ ಅದರಲ್ಲಿ ತಿಳಿಯುತ್ತದೆ. ಬಿಲ್ ಇಲ್ಲ ಎಂದರೆ ಎಷ್ಟೇ ಅಗ್ಗವಾದರೂ ಬೇಡ.